ಮಾರಿಸ್ ಮೈನರ್‌ಗೆ 1275 ಸಿಸಿ ಎಂಜಿನ್: ಲಾಗ್‌ಬುಕ್ ತಿದ್ದಿಸುವ ಕೆಲಸ, ಬೆಂಚಿನಿಂದ ಅಂಚೆಯವರೆಗೆ

ಕಾರು: 1967ರ ಮಾರಿಸ್ ಮೈನರ್ 1000, ಎರಡು ಬಾಗಿಲಿನ ಸಲೂನ್, ಬ್ರಿಟನ್‌ನಲ್ಲಿ ನೋಂದಣಿಯಾದದ್ದು.
ಹಳೆಯ ಎಂಜಿನ್: 1098 ಸಿಸಿ ಎ-ಸೀರೀಸ್ (ಮೈನರ್, ಮಿಜೆಟ್ ಮೊದಲಾದ ಕಾರುಗಳಿಗೆ ಬಂದ ಒಂದು ಎಂಜಿನ್ ವಂಶ).
ಹೊಸದು: ಎಂಜಿ ಮಿಜೆಟ್‌ನಿಂದ ಬಂದ 1275 ಸಿಸಿ ಎ-ಸೀರೀಸ್, 20 ಥೌ (ಅಂಗುಲದ ಸಾವಿರ ಭಾಗದಲ್ಲಿ 20) ರೀಬೋರ್ ಆದದ್ದು, ಅಂದರೆ ಸಿಲಿಂಡರ್‌ಗಳನ್ನು ಕೊರೆದು ಅಷ್ಟು ಹಿಗ್ಗಿಸಿದ್ದು.
ಲಾಗ್‌ಬುಕ್‌ನಲ್ಲಿ, ಅಂದರೆ ವಾಹನದ ನೋಂದಣಿ ಪತ್ರ ವಿ5ಸಿಯಲ್ಲಿ, ಬದಲಾಗಬೇಕಾದ ಸಾಲುಗಳು ಎರಡೇ: ಪಿ.1, ಅಂದರೆ ಸಿಲಿಂಡರ್ ಸಾಮರ್ಥ್ಯ, ಪಿ.5, ಅಂದರೆ ಎಂಜಿನ್ ನಂಬರ್.

ಎರಡೇ ಸಾಲು ಅಂದುಕೊಂಡು ಎಂಜಿನ್ ಕೂರಿಸಿ, ಬಾನೆಟ್ ಮುಚ್ಚಿ, ಆಮೇಲೆ ಫಾರಂ ಹಿಡಿದು ಕೂತರೆ ಕೆಲಸ ಕೆಡುತ್ತದೆ. ಸ್ವಾನ್ಸಿಯಲ್ಲಿರುವ ಡಿವಿಎಲ್‌ಎ, ಅಂದರೆ ಬ್ರಿಟನ್‌ನ ವಾಹನ ನೋಂದಣಿ ಸಂಸ್ಥೆ, ಕೇಳುವುದು ಪುರಾವೆ. ಆ ಪುರಾವೆ ಸಿಗುವುದು ಎಂಜಿನ್ ಬೆಂಚಿನ ಮೇಲೆ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಚ್ಚಿಕೊಂಡು ಕೂತಿರುವಾಗ. ಆಗ ಹತ್ತು ನಿಮಿಷಕ್ಕೆ ಮುಗಿಯುವ ಅಳತೆ, ಎಂಜಿನ್ ಒಳಗೆ ಕೂತ ಮೇಲೆ ಒಂದು ವಾರಾಂತ್ಯವನ್ನೇ ನುಂಗುತ್ತದೆ. ಆದ್ದರಿಂದ ಈ ದಾಖಲೆಯಲ್ಲಿ ಬೆಂಚಿನ ಕೆಲಸಕ್ಕೇ ಹೆಚ್ಚು ಜಾಗ.

ಎಂಜಿನ್ ಕೊಳ್ಳುವಾಗ

ಮೊದಲ ಕಾಗದ ರಸೀದಿ. ಎಂಜಿನ್ ನಂಬರ್ ಅಥವಾ ಸಿಸಿ ಬದಲಾದಾಗ ಡಿವಿಎಲ್‌ಎ ಒಪ್ಪುವ ಪುರಾವೆಗಳು ನಾಲ್ಕು ಬಗೆ: ಬದಲಿ ಎಂಜಿನ್‌ನ ರಸೀದಿ, ತಯಾರಕರ ಲಿಖಿತ ಪತ್ರ, ವಿಮೆಗಾಗಿ ಮಾಡಿಸಿದ ತಪಾಸಣಾ ವರದಿ, ಇಲ್ಲವೇ ಗ್ಯಾರೇಜಿನ ಲೆಟರ್‌ಹೆಡ್ ಮೇಲಿನ ದೃಢೀಕರಣ. ಈ ಕೊನೆಯದು, ಕಾರು ನಿಮ್ಮ ಕೈಗೆ ಬರುವ ಮೊದಲೇ ಎಂಜಿನ್ ಬದಲಾಗಿದ್ದ ಸಂದರ್ಭಕ್ಕೆ ಹೇಳಿದ್ದು. ನೀವೇ ಬದಲಿಸುತ್ತಿದ್ದರೆ ರಸೀದಿಯ ದಾರಿಯೇ ನೇರ.

ಬಿಡಿಭಾಗಗಳ ಸಂತೆಯಲ್ಲೋ ಶೆಡ್ ಖಾಲಿ ಮಾಡುವವರ ಹತ್ತಿರವೋ ಕೊಂಡರೆ ಅಚ್ಚುಹಾಕಿದ ಬಿಲ್ ಸಿಗುವುದಿಲ್ಲ. ಕೈಯಲ್ಲಿ ಬರೆಸಿಕೊಳ್ಳಿ. ಅದರಲ್ಲಿ ಇವಿಷ್ಟು ಇರಲೇಬೇಕು: ಮಾರಿದವರ ಹೆಸರು, ವಿಳಾಸ, ಸಹಿ, ಕೊಂಡವರ ಹೆಸರು, ತಾರೀಖು, ಕೊಟ್ಟ ಹಣ, ಎಂಜಿನ್ ಯಾವ ಮಾದರಿಯದು, ಎಷ್ಟು ಸಿಸಿ, ಎಂಜಿನ್ ನಂಬರ್ ಪೂರ್ತಿಯಾಗಿ. “1275 ಎಂಜಿನ್ ಒಂದು, ಹಣ ಮುಟ್ಟಿದೆ” ಎಂದಷ್ಟೇ ಬರೆದ ಚೀಟಿ ಯಾವ ಎಂಜಿನ್‌ನದು ಎಂದು ಯಾರಿಗೂ ಹೇಳಲಾರದು. ನಂಬರ್ ಇಲ್ಲದ ರಸೀದಿ ಇದ್ದೂ ಇಲ್ಲದ ಹಾಗೆ.

ನಂಬರ್ ಓದುವುದು

ಉದ್ದಕ್ಕೆ ಕೂರುವ ಎ-ಸೀರೀಸ್‌ನಲ್ಲಿ ನಂಬರ್ ಇರುವುದು ಬ್ಲಾಕಿನ ಬಲಮಗ್ಗುಲಲ್ಲಿ, ಡೈನಮೋ ಬ್ರಾಕೆಟ್‌ನ ಮೇಲ್ಗಡೆ, ರಿವೆಟ್ ಹೊಡೆದ ಸಣ್ಣ ತಗಡಿನ ಮೇಲೆ. ಎಣ್ಣೆ, ಮಣ್ಣು, ಹಳೆಯ ಬಣ್ಣ ಸೇರಿ ಅದು ಕಾಣುವುದೇ ಕಷ್ಟ. ತಂತಿ ಬ್ರಷ್ ಬೇಡ, ಅಚ್ಚು ಸವೆಯುತ್ತದೆ. ಸೀಮೆಎಣ್ಣೆ ಅಥವಾ ಡಿಗ್ರೀಸರ್ ಹಚ್ಚಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಒರೆಸಿದ ಮೇಲೆ ಸೀಮೆಸುಣ್ಣ ತಿಕ್ಕಿದರೆ ಅಂಕಿಗಳ ಗುಂಡಿಯಲ್ಲಿ ಬಿಳಿ ಉಳಿದು ಎದ್ದು ಕಾಣುತ್ತದೆ. ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಒಂದು ಫೋಟೋ ತಗಡಿನದು ಮಾತ್ರ, ಇನ್ನೊಂದು ತಗಡು ಬ್ಲಾಕಿನ ಯಾವ ಜಾಗದಲ್ಲಿದೆ ಎಂದು ತೋರಿಸುವಂಥದ್ದು. ಎಂಜಿನ್‌ಗೆ ಬಣ್ಣ ಹೊಡೆಯುವ ಮೊದಲೇ ಇದು ಮುಗಿದಿರಬೇಕು.

ನಂಬರಿನ ಮೊದಲ ಅಂಕಿಗಳಿಗೆ ಅರ್ಥವಿದೆ. 9ಎಂ ಎಂದರೆ 948 ಸಿಸಿಯ ಮೈನರ್ ಎಂಜಿನ್, 10ಎಂ ಎಂದರೆ 1098 ಸಿಸಿಯದು. ಮಿಜೆಟ್‌ನ 1275ಕ್ಕೆ ಮೊದಮೊದಲು 12ಸಿ ಎಂದೂ ಆಮೇಲಿನವಕ್ಕೆ 12ವಿ ಎಂದೂ ಶುರುವಾಗುತ್ತದೆ. ಹಾಗಾಗಿ ಮುಂದಿನ ಅಕ್ಷರಗಳನ್ನು ಬಿಟ್ಟು ಕೊನೆಯ ಅಂಕಿಗಳನ್ನಷ್ಟೇ ಬರೆಯುವುದು ತಪ್ಪು. ಹಳೆಯ ಲಾಗ್‌ಬುಕ್‌ಗಳಲ್ಲಿ ಹೀಗೆ ಅರ್ಧ ನಂಬರ್ ದಾಖಲಾಗಿರುವುದು ಸಾಮಾನ್ಯ. ಇಂಗ್ಲಿಷಿನ ಓ ಅಕ್ಷರ ಮತ್ತು ಸೊನ್ನೆ, ಐ ಅಕ್ಷರ ಮತ್ತು ಒಂದು, ಇವುಗಳನ್ನು ಕಣ್ಣಿಟ್ಟು ನೋಡಿ ಬೇರೆ ಮಾಡಿ ಬರೆಯಿರಿ.

ತಗಡೇ ಎಂಜಿನ್‌ನ ಜಾತಕವಲ್ಲ. ಐವತ್ತು ವರ್ಷಗಳಲ್ಲಿ ಬ್ಲಾಕುಗಳು ಬದಲಾಗಿವೆ, ತಗಡುಗಳೂ ಒಂದರಿಂದ ಒಂದಕ್ಕೆ ಹಾರಿವೆ. ಕಾರ್ಖಾನೆಯಲ್ಲೇ ಮರುನಿರ್ಮಾಣವಾಗಿ ಬಂದ ಗೋಲ್ಡ್ ಸೀಲ್ ಎಂಜಿನ್‌ಗಳ ನಂಬರ್ ಬೇರೆಯೇ ಸರಣಿಯದು. ಅಂಥದ್ದಿದ್ದರೆ ತಗಡಿನಲ್ಲಿರುವ ಆ ನಂಬರನ್ನೇ ಬರೆಯಬೇಕು, ‘ಅಸಲಿ’ ನಂಬರ್ ಹುಡುಕಿ ಹೊರಡಬಾರದು. ತಗಡೇ ಇಲ್ಲದಿದ್ದರೆ ಮನಸ್ಸಿಗೆ ಬಂದ ನಂಬರ್ ಕೊರೆಯುವುದಾಗಲಿ ಹಳೆಯ ಬ್ಲಾಕಿನ ತಗಡು ತಂದು ಅಂಟಿಸುವುದಾಗಲಿ ಕೂಡದು. ಇದ್ದದ್ದನ್ನು ಇದ್ದ ಹಾಗೆ ಪತ್ರದಲ್ಲಿ ಬರೆದು, ಖಾಲಿ ಜಾಗದ ಫೋಟೋ ಮತ್ತು ತಪಾಸಣಾ ವರದಿ ಜೊತೆಗಿಡುವುದು ಪ್ರಾಮಾಣಿಕ ದಾರಿ.

ತಗಡಿನ ಮಾತನ್ನು ಎರಕದ ಗುರುತುಗಳಿಂದ ಪರೀಕ್ಷಿಸಬಹುದು. ಸಿಲಿಂಡರ್ ಹೆಡ್ ಮೇಲೆ 12ಜಿ940 ಎಂದಿದ್ದರೆ 1275 ವಂಶದ ಹೆಡ್. 12ಜಿ202 ಎಂದಿದ್ದರೆ 1098ರ ಕಾಲದ್ದು. ಹೆಡ್ಡನ್ನು ಬದಲಿಸುವುದು ಸುಲಭವಾದ್ದರಿಂದ ಬ್ಲಾಕನ್ನೂ ನೋಡಬೇಕು. 948, 998, 1098ರ ಬ್ಲಾಕುಗಳ ಪಕ್ಕದಲ್ಲಿ ಟ್ಯಾಪೆಟ್ ಚೆಸ್ಟ್‌ನ (ವಾಲ್ವ್ ಎತ್ತುವ ಟ್ಯಾಪೆಟ್‌ಗಳ ಗೂಡಿನ) ಎರಡು ತಗಡಿನ ಮುಚ್ಚಳಗಳಿರುತ್ತವೆ. 1275ರ ಬಹುತೇಕ ಬ್ಲಾಕುಗಳಲ್ಲಿ ಅವು ಇರುವುದಿಲ್ಲ. ಮಿನಿ ಕೂಪರ್ ಎಸ್‌ನದು ಅಪವಾದ.

ಅಳತೆ

ಸಿಸಿ ಎಂಬುದು ಯಾರೋ ಹೇಳಿದ ಮಾತಾಗಬಾರದು, ಅಳೆದದ್ದಾಗಿರಬೇಕು. ಹೆಡ್ ಬಿಚ್ಚಿರುವಾಗ ಬೇಕಾಗುವ ಸಾಮಾನು: ಡಯಲ್ ಬೋರ್ ಗೇಜ್, ಅದನ್ನು ಸೊನ್ನೆಗೆ ಕೂರಿಸಲು 50–75 ಮತ್ತು 75–100 ಮಿ.ಮೀ. ಮೈಕ್ರೋಮೀಟರ್‌ಗಳಲ್ಲಿ ತಕ್ಕದ್ದು, ಡೆಪ್ತ್ ಗೇಜ್, ಸ್ಟ್ಯಾಂಡ್ ಸಹಿತ ಡಯಲ್ ಇಂಡಿಕೇಟರ್.

ಬೋರನ್ನು, ಅಂದರೆ ಸಿಲಿಂಡರಿನ ಒಳವ್ಯಾಸವನ್ನು, ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಿರಿ. ಓಡಿದ ಎಂಜಿನ್‌ನಲ್ಲಿ ಮೇಲ್ಭಾಗ, ಅಂದರೆ ರಿಂಗ್ ತಲುಪುವ ಕೊನೆಯ ಜಾಗದ ಕೆಳಗೆ, ಹೆಚ್ಚು ಸವೆದಿರುತ್ತದೆ. ಸಾಮರ್ಥ್ಯದ ಲೆಕ್ಕಕ್ಕೆ ಬೇಕಾದದ್ದು ರಿಂಗ್ ಮುಟ್ಟದ ತಳಭಾಗದ ಅಳತೆ. ಸವೆತವನ್ನು ಸಿಸಿಗೆ ಸೇರಿಸುವ ಹಾಗಿಲ್ಲ.

ಸ್ಟ್ರೋಕ್‌ಗೆ, ಅಂದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡಾಡುವ ದೂರಕ್ಕೆ, ಡಯಲ್ ಇಂಡಿಕೇಟರ್ ಮುಳ್ಳನ್ನು ಪಿಸ್ಟನ್ ತಲೆಯ ಮೇಲಿಟ್ಟು, ಕ್ರ್ಯಾಂಕ್ ತಿರುಗಿಸುತ್ತಾ ಮುಳ್ಳು ನಿಂತು ಹಿಂದಿರುಗುವ ಬಿಂದು ಹುಡುಕಿ. ಆ ಸ್ಥಿತಿಯಲ್ಲಿ ಬ್ಲಾಕಿನ ಮೇಲ್ಮೈಯಿಂದ ಪಿಸ್ಟನ್‌ವರೆಗಿನ ಆಳವನ್ನು ಡೆಪ್ತ್ ಗೇಜ್‌ನಲ್ಲಿ ಅಳೆದು, ಪಿಸ್ಟನ್ ಪೂರ್ತಿ ಕೆಳಗಿಳಿದಾಗಿನ ಆಳವನ್ನೂ ಅಳೆಯಿರಿ. ಎರಡರ ವ್ಯತ್ಯಾಸವೇ ಸ್ಟ್ರೋಕ್. ಎರಡು ಸಲವೂ ಪಿಸ್ಟನ್‌ನ ಅದೇ ಬಿಂದುವಿನ ಮೇಲೆ ಅಳೆಯಬೇಕು. ತಲೆ ಗುಂಡಿ ಬಿದ್ದ ಪಿಸ್ಟನ್‌ನಲ್ಲಿ ಜಾಗ ಬದಲಾದರೆ ಲೆಕ್ಕ ದಾರಿ ತಪ್ಪುತ್ತದೆ.

ಹೋಲಿಸಲು ಪುಸ್ತಕದ ಅಂಕಿಗಳು, ಬೋರ್ ಮೊದಲು, ಸ್ಟ್ರೋಕ್ ಆಮೇಲೆ, ಮಿ.ಮೀ.ನಲ್ಲಿ:

948 ಸಿಸಿ: 62.9, 76.2
998 ಸಿಸಿ: 64.58, 76.2
1098 ಸಿಸಿ: 64.58, 83.72
1275 ಸಿಸಿ: 70.61, 81.28

ಗಮನಿಸಿ: 1098ರ ಸ್ಟ್ರೋಕ್ 1275ರದ್ದಕ್ಕಿಂತ ಉದ್ದ. 998 ಮತ್ತು 1098ರ ಬೋರ್ ಒಂದೇ. ಆದ್ದರಿಂದ ಬೋರ್ ಒಂದನ್ನೇ ಅಳೆದು ಸಿಸಿ ಹೇಳಲು ಹೊರಟರೆ ಮೋಸ ಹೋಗುತ್ತೀರಿ.

ಲೆಕ್ಕ: ಬೋರ್ ಮತ್ತು ಸ್ಟ್ರೋಕನ್ನು ಸೆಂ.ಮೀ.ಗೆ ತಂದು, ಬೋರ್ × ಬೋರ್ × 0.7854 × ಸ್ಟ್ರೋಕ್ × 4. ಇಲ್ಲಿನ ಎಂಜಿನ್ 20 ಥೌ ದೊಡ್ಡದಾಗಿದೆ. ಬೋರ್ 71.12 ಮಿ.ಮೀ. 7.112 × 7.112 = 50.58. ಅದನ್ನು 0.7854ರಿಂದ ಗುಣಿಸಿದರೆ 39.73. ಸ್ಟ್ರೋಕ್ 8.128ರಿಂದ ಗುಣಿಸಿದರೆ 322.9. ನಾಲ್ಕು ಸಿಲಿಂಡರ್‌ಗೆ 1292 ಸಿಸಿ.

ಇಲ್ಲೊಂದು ಗೊಂದಲ ಎಲ್ಲರಿಗೂ ಎದುರಾಗುತ್ತದೆ. ರೀಬೋರ್ ಮಾಡುವವರು ಇದೇ ಎಂಜಿನ್ನನ್ನು 1293 ಎನ್ನುತ್ತಾರೆ. ರೀಬೋರ್ ಆಗದ ಎಂಜಿನ್‌ಗೇ ಇದೇ ಲೆಕ್ಕ ಹಾಕಿ ನೋಡಿ: 70.61ರ ಬೋರ್‌ಗೆ 1273 ಬರುತ್ತದೆ, 1275 ಬರುವುದಿಲ್ಲ. 1098ಕ್ಕೂ ಲೆಕ್ಕದಲ್ಲಿ 1097 ಬರುತ್ತದೆ. ಪುಸ್ತಕದ ಬೋರ್ ಅಂಕಿಯೂ ಪುಸ್ತಕದ ಸಿಸಿ ಅಂಕಿಯೂ ಒಂದಕ್ಕೊಂದು ಪೂರ್ತಿ ತಾಳೆಯಾಗುವುದಿಲ್ಲ, ಅಷ್ಟೇ. ಒಂದು ಸಿಸಿ ಆಚೀಚೆಯಾದರೆ ಆಕಾಶ ಬೀಳುವುದಿಲ್ಲ. ಆದರೆ ಫಾರಂನಲ್ಲಿ 1292, ಮೆಷಿನ್ ಶಾಪ್ ಬಿಲ್‌ನಲ್ಲಿ 1293, ರಸೀದಿಯಲ್ಲಿ 1275 ಎಂದು ಮೂರು ಕಾಗದ ಮೂರು ಮಾತಾಡಿದರೆ ಕಡತ ನೋಡುವವರು ನಿಲ್ಲಿಸುವುದು ಅಲ್ಲೇ. ಎಂಜಿನ್ ಕೊಂಡ ರಸೀದಿಯಲ್ಲಿ 1275, ರೀಬೋರ್ ಬಿಲ್‌ನಲ್ಲಿ “1275ರಿಂದ 20 ಥೌ ಹೆಚ್ಚಿಸಿ 1293” ಎಂದಿದ್ದರೆ ಫಾರಂನಲ್ಲೂ 1293 ಎಂದೇ ಬರೆದು, ಜೊತೆಯ ಪತ್ರದಲ್ಲಿ ಒಂದು ಸಾಲಿನಲ್ಲಿ ಈ ಕೊಂಡಿಯನ್ನು ವಿವರಿಸಿ. ಬಿಲ್ ಬರೆಸುವಾಗಲೇ ಎಂಜಿನ್ ನಂಬರ್, ಹಳೆಯ ಅಳತೆ, ಹೊಸ ಅಳತೆ, ಅಂತಿಮ ಸಿಸಿ ನಾಲ್ಕನ್ನೂ ಹಾಕಿಸಿಕೊಳ್ಳಿ.

ರೀಬೋರ್ ಆಗಿದೆಯೋ ಇಲ್ಲವೋ ತಿಳಿಯದ ಎಂಜಿನ್ ಆದರೆ ಪಿಸ್ಟನ್ ತಲೆಯ ಮಸಿ ಕೆರೆದು ನೋಡಿ. ಓವರ್‌ಸೈಜ್ ಪಿಸ್ಟನ್ ಮೇಲೆ 020, 040, 060 ಎಂದೋ ಮಿ.ಮೀ. ಲೆಕ್ಕದಲ್ಲಿ 0.50 ಎಂದೋ ಅಚ್ಚಿರುತ್ತದೆ. 73.5 ಮಿ.ಮೀ. ಬೋರ್ ಕಂಡರೆ ಅದು ಹೆಸರಾದ 1380 ಸಿಸಿ. ಹಾಗೆ ಹಿಗ್ಗಿಸಿದ ಬ್ಲಾಕನ್ನು 1275 ಎಂದು ಬರೆಯುವುದು ವಿಮೆಯವರ ಮುಂದೆ ಸುಳ್ಳು ಹೇಳಿದ ಹಾಗೆ.

ಎಂಜಿನ್ ಹೊರಗಿರುವ ತಿಂಗಳುಗಳು

ಕಾರು ರಸ್ತೆಗಿಳಿಯದೆ ಶೆಡ್ಡಿನಲ್ಲೇ ಇದ್ದು, ವಿಮೆ ನಿಲ್ಲಿಸುವ ಯೋಚನೆ ಇದ್ದರೆ ಮೊದಲು ಸಾರ್ನ್ ಘೋಷಣೆ, ಅಂದರೆ ಕಾರು ರಸ್ತೆಯಲ್ಲಿಲ್ಲ ಎಂದು ಡಿವಿಎಲ್‌ಎಗೆ ತಿಳಿಸುವ ಘೋಷಣೆ, ಮಾಡಿ. ಅದಕ್ಕೆ ಶುಲ್ಕವಿಲ್ಲ. ಘೋಷಣೆ ಇಲ್ಲದೆ ವಿಮೆ ತಪ್ಪಿದರೆ, ಕಾರಿನಲ್ಲಿ ಎಂಜಿನ್ನೇ ಇಲ್ಲದಿದ್ದರೂ ದಂಡದ ಪತ್ರ ಬರುತ್ತದೆ. ವ್ಯವಸ್ಥೆ ನೋಡುವುದು ದಾಖಲೆಯನ್ನು, ಶೆಡ್ಡನ್ನಲ್ಲ.

ವಿಮೆಯವರಿಗೆ ತಿಳಿಸುವುದು ಡಿವಿಎಲ್‌ಎಗೂ ಮೊದಲು, ಎಂಜಿನ್ ಕೂರಿಸುವುದಕ್ಕೂ ಮೊದಲು. ಮೈನರ್‌ನ 1098ಕ್ಕೆ 48 ಅಶ್ವಶಕ್ತಿ, ಮಿಜೆಟ್‌ನ 1275ಕ್ಕೆ 65. ಅವರು ಕೇಳುವುದು ಈ ಅಂಕಿಯನ್ನು, ಜೊತೆಗೆ ಬ್ರೇಕ್ ಬಗ್ಗೆ. ಮೈನರ್‌ಗೆ ನಾಲ್ಕೂ ಕಡೆ ಡ್ರಮ್. ಮುಂದೆ ಡಿಸ್ಕ್ ಹಾಕಿದ್ದರೆ ಲಾಗ್‌ಬುಕ್‌ನಲ್ಲಿ ಅದಕ್ಕೆ ಸಾಲಿಲ್ಲ, ವಿಮೆಯವರಿಗೆ ಮಾತ್ರ ಹೇಳಲೇಬೇಕು. ಒಪ್ಪಿಗೆಯನ್ನು ಫೋನಿನ ಮಾತಾಗಿ ಬಿಡದೆ ಬರಹದಲ್ಲಿ ತರಿಸಿಕೊಳ್ಳಿ. ಅವರು ಎಂಜಿನಿಯರ್ ತಪಾಸಣೆ ಬೇಕೆಂದರೆ ಬೇಸರ ಬೇಡ: ಆ ವರದಿಯಲ್ಲಿ ಎಂಜಿನ್ ನಂಬರ್ ಮತ್ತು ಸಿಸಿ ಬರೆಸಿದರೆ ಅದೇ ಡಿವಿಎಲ್‌ಎಗೂ ಪುರಾವೆಯಾಗುತ್ತದೆ. ಬ್ಲಾಕ್ ಹಳೆಯದೇ ಆಗಿದ್ದು ರೀಬೋರ್‌ನಿಂದ ಸಿಸಿ ಮಾತ್ರ ಬದಲಾದವರಿಗೆ ಬದಲಿ ಎಂಜಿನ್‌ನ ರಸೀದಿ ಎಂಬುದೇ ಇರುವುದಿಲ್ಲ. ಅಂಥವರಿಗೆ ಈ ವರದಿಯೇ ಗಟ್ಟಿ ಕಾಗದ.

ತೆರಿಗೆ ಮತ್ತು ಎಂಒಟಿ

ಮೈನರ್‌ಗೆ ತೆರಿಗೆಯ ಚಿಂತೆ ಇಲ್ಲ. ಉತ್ಪಾದನೆ 1971ಕ್ಕೇ ನಿಂತಿದ್ದರಿಂದ ಎಲ್ಲ ಮೈನರ್‌ಗಳೂ 40 ವರ್ಷ ದಾಟಿವೆ, ಹಿಸ್ಟಾರಿಕ್ ವರ್ಗಕ್ಕೆ ಬರುತ್ತವೆ. ಸೊನ್ನೆ ಪೌಂಡ್ ಆದರೂ ವರ್ಷಕ್ಕೊಮ್ಮೆ ತೆರಿಗೆ ನವೀಕರಿಸಬೇಕು. ಲಾಗ್‌ಬುಕ್‌ನಲ್ಲಿ ವರ್ಗ ನಿಜಕ್ಕೂ ಹಿಸ್ಟಾರಿಕ್ ಎಂದಿದೆಯೇ ನೋಡಿಕೊಳ್ಳಿ. ಲಂಡನ್‌ನ ಯೂಲೆಝ್ (ಹೆಚ್ಚು ಹೊಗೆ ಉಗುಳುವ ವಾಹನಗಳಿಗೆ ಶುಲ್ಕ ಹಾಕುವ ವಲಯ) ವಿನಾಯಿತಿ ಕೂಡ ಈ ತೆರಿಗೆ ವರ್ಗವನ್ನೇ ನೆಚ್ಚಿಕೊಂಡಿದೆ.

ಇನ್ನೂ 40 ವರ್ಷ ತುಂಬದ, 2001ರ ಮಾರ್ಚ್ 1ಕ್ಕಿಂತ ಮೊದಲು ನೋಂದಣಿಯಾದ ಕಾರುಗಳ ಕಥೆ ಬೇರೆ. ಅವಕ್ಕೆ ತೆರಿಗೆ ಎಂಜಿನ್ ಗಾತ್ರದ ಮೇಲೆ, ಗಡಿ 1549 ಸಿಸಿ. ಎರಡನೇ ತಲೆಮಾರಿನ ಗಾಲ್ಫ್‌ನಲ್ಲಿ 1272 ತೆಗೆದು 1781 ಹಾಕಿದರೆ ಗಡಿ ದಾಟಿದ ಹಾಗಾಯಿತು, ದರ ಏರುತ್ತದೆ. 1781ರಿಂದ ಕೆಳಗಿಳಿದರೆ ದರವೂ ಇಳಿಯುತ್ತದೆ, ಆದರೆ ದಾಖಲೆ ತಿದ್ದಿಸಿದ ಮೇಲೆ ಮಾತ್ರ.

ಎಂಒಟಿ, ಅಂದರೆ ವಾಹನ ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಪರೀಕ್ಷೆಯ ವಿಷಯದಲ್ಲಿ ನಿಧಾನವಾಗಿ ಓದಬೇಕು. 2018ರ ಮೇ 20ರಿಂದ, 40 ವರ್ಷ ದಾಟಿದ ಕಾರಿಗೆ ಕಳೆದ 30 ವರ್ಷಗಳಲ್ಲಿ ‘ಗಣನೀಯ ಬದಲಾವಣೆ’ ಆಗಿಲ್ಲದಿದ್ದರೆ ಪರೀಕ್ಷೆಯಿಂದ ವಿನಾಯಿತಿ ಇದೆ. ಎಂಜಿನ್ ಬದಲಿಸಿದ ಕೂಡಲೇ ಅದು ಗಣನೀಯ ಬದಲಾವಣೆ ಆಗುತ್ತದೆಯೇ? ಮಾರ್ಗಸೂಚಿಯ ಪ್ರಕಾರ, ಅದೇ ಮೂಲ ಎಂಜಿನ್‌ನ ಬೇರೆ ಸಾಮರ್ಥ್ಯದ ರೂಪಗಳು ಗಣನೀಯ ಬದಲಾವಣೆ ಅಲ್ಲ. ಆ ಕಾರಿಗೆ ಕಾರ್ಖಾನೆಯೇ ಕೊಡುತ್ತಿದ್ದ ಪರ್ಯಾಯ ಎಂಜಿನ್‌ಗಳೂ ಅಲ್ಲ. ಎ-ಸೀರೀಸ್ 1098ರ ಜಾಗಕ್ಕೆ ಎ-ಸೀರೀಸ್ 1275 ಬರುವುದು ಮೊದಲನೆಯ ಮಾತಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ.

ಸಿಲಿಂಡರ್‌ಗಳ ಸಂಖ್ಯೆಯೇ ಬದಲಾದರೆ, ಅದು ಕಾರ್ಖಾನೆಯ ಪರ್ಯಾಯ ಎಂಜಿನ್ ಅಲ್ಲದಿರುವ ಸಂಭವ ಹೆಚ್ಚು, ಆದರೆ ಹಾಗೇ ಆಗಬೇಕೆಂದಿಲ್ಲ ಎನ್ನುತ್ತದೆ ಮಾರ್ಗಸೂಚಿ. ಎಂಜಿಬಿ ಇದಕ್ಕೆ ಒಳ್ಳೆಯ ಉದಾಹರಣೆ. 1798 ಸಿಸಿಯ ನಾಲ್ಕು ಸಿಲಿಂಡರ್ ತೆಗೆದು 3528 ಸಿಸಿಯ ರೋವರ್ ವಿ8 ಹಾಕುವವರು ಬಹಳ. ಜಿಟಿ ದೇಹದ ಎಂಜಿಬಿಯನ್ನು ಕಾರ್ಖಾನೆಯೇ 1973ರಿಂದ 1976ರವರೆಗೆ ವಿ8 ಎಂಜಿನ್‌ನೊಂದಿಗೆ ಮಾರಿತ್ತು, ಹಾಗಾಗಿ ಜಿಟಿಗೆ ವಾದವಿದೆ. ತೆರೆದ ಮೇಲ್ಛಾವಣಿಯ ರೋಡ್‌ಸ್ಟರ್‌ನಲ್ಲಿ ಆಗ ಅಂಥ ಮಾದರಿ ಇರಲಿಲ್ಲ. ಹೊರಗಿನಿಂದ ಒಂದೇ ಎನಿಸುವ ಎರಡು ಬದಲಾವಣೆಗಳು ಕಾಗದದಲ್ಲಿ ಬೇರೆಯಾಗುವುದು ಹೀಗೆ. ಮೈನರ್‌ಗೆ ಫೋರ್ಡ್‌ನ ಆಧುನಿಕ ನಾಲ್ಕು ಸಿಲಿಂಡರ್ ಎಂಜಿನ್ ಹಾಕಿದರೂ ‘ಅದೇ ಮೂಲ ಎಂಜಿನ್’ ಎನ್ನುವ ಆಸರೆ ತಪ್ಪುತ್ತದೆ. ಸಿಲಿಂಡರ್ ಸಂಖ್ಯೆ ಒಂದೇ ಎಂಬ ಸಮಾಧಾನ ಸಾಲದು. ಸಂಶಯ ಇದ್ದಾಗ ಬ್ರಿಟಿಷ್ ಐತಿಹಾಸಿಕ ವಾಹನ ಕ್ಲಬ್‌ಗಳ ಒಕ್ಕೂಟ ಎಫ್‌ಬಿಎಚ್‌ವಿಸಿಯ ಪಟ್ಟಿಯಲ್ಲಿರುವ, ನಿಮ್ಮ ಮಾದರಿಯ ತಜ್ಞರನ್ನು ಕೇಳಿ. ವಿ112 ಫಾರಂನಲ್ಲಿ ವಿನಾಯಿತಿ ಘೋಷಿಸಿ ಸಹಿ ಹಾಕುವವರು ನೀವು, ಹೊಣೆಯೂ ನಿಮ್ಮದೇ.

ವಿನಾಯಿತಿ ಇದ್ದರೂ ಎಂಜಿನ್ ಬದಲಿಸಿದ ವರ್ಷ ಸ್ವಂತ ಇಚ್ಛೆಯಿಂದ ಒಮ್ಮೆ ಎಂಒಟಿ ಮಾಡಿಸುವುದೇ ಸರಿ. 65 ಅಶ್ವಶಕ್ತಿ ಹಳೆಯ ಡ್ರಮ್ ಬ್ರೇಕ್‌ಗಳ ಮೇಲೆ ಬಿದ್ದಿದೆ, ಇಂಧನದ ಕೊಳವೆ, ಎಕ್ಸಾಸ್ಟ್ ಎಲ್ಲ ಹೊಸದಾಗಿ ಕೂತಿವೆ. ಇನ್ನೊಂದು ಜೋಡಿ ಕಣ್ಣು ನೋಡಲಿ. ಡಿಫರೆನ್ಷಿಯಲ್‌ನ 4.22 ಅನುಪಾತವನ್ನು ಮಿಜೆಟ್‌ನ 3.9ಕ್ಕೆ ಬದಲಿಸಿದ್ದರೆ ಸ್ಪೀಡೋಮೀಟರ್ ಸುಮಾರು ಶೇ. 7.5 ಕಡಿಮೆ ತೋರಿಸುತ್ತದೆ: ನಿಜವಾದ 70 ಮೈಲಿಗೆ ಮುಳ್ಳು 65ರ ಹತ್ತಿರ ನಿಲ್ಲುತ್ತದೆ. ಲಾಗ್‌ಬುಕ್‌ಗೆ ಸಂಬಂಧವಿಲ್ಲದಿದ್ದರೂ ಇದನ್ನು ಸರಿಪಡಿಸದೆ ಕಾರು ಹೊರಡಿಸಬೇಡಿ.

ಫಾರಂ ತುಂಬಿ ಕಳಿಸುವುದು

ಮುಖಪುಟದಲ್ಲಿ ಬಣ್ಣಬಣ್ಣದ ಅಂಕಿಯ ಚೌಕಗಳಿರುವ ಹೊಸ ಮಾದರಿಯ ವಿ5ಸಿ ಆದರೆ ವಿಭಾಗ 1, ಹಳೆಯ ಮಾದರಿಯಾದರೆ ವಿಭಾಗ 7. ಕಪ್ಪು ಶಾಯಿ, ದೊಡ್ಡಕ್ಷರ. ಹೊಸ ಸಿಸಿ, ಹೊಸ ಎಂಜಿನ್ ನಂಬರ್, ಬದಲಾವಣೆಯ ತಾರೀಖು. ಬದಲಾಗದ ಸಾಲುಗಳನ್ನು ಮುಟ್ಟಬೇಡಿ. ಇಂಧನ ಪೆಟ್ರೋಲೇ ಆಗಿದ್ದರೆ ಆ ಜಾಗ ಖಾಲಿ ಇರಲಿ.

ಜೊತೆಗೆ ಒಂದು ಪುಟದ ಪತ್ರ: ನೋಂದಣಿ ಸಂಖ್ಯೆ, ಹಳೆಯ ಎಂಜಿನ್ ನಂಬರ್ ಮತ್ತು ಸಿಸಿ, ಹೊಸ ನಂಬರ್ ಮತ್ತು ಸಿಸಿ, ಲಗತ್ತಿಸಿದ ಕಾಗದಗಳ ಪಟ್ಟಿ. ಎಂಜಿನ್ ಪುರಾಣ ಬೇಡ. ರಸೀದಿ, ರೀಬೋರ್ ಬಿಲ್, ತಗಡಿನ ಎರಡು ಫೋಟೋ ಲಗತ್ತು. ಕಳಿಸುವ ಮೊದಲು ಪ್ರತಿ ಪುಟವನ್ನೂ, ವಿ5ಸಿಯ ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ತೆರಿಗೆ ಮುಗಿಯುವ ಹೊತ್ತು ಹತ್ತಿರವಿದ್ದರೆ ಲಾಗ್‌ಬುಕ್‌ನ 11 ಅಂಕಿಯ ಸಂಖ್ಯೆ ಬಳಸಿ ಮೊದಲು ತೆರಿಗೆ ನವೀಕರಿಸಿ, ಆಮೇಲೆ ಅಂಚೆಗೆ ಹಾಕಿ. ಹೊಸ ಲಾಗ್‌ಬುಕ್ ಬಂದಾಗ ಆ ಸಂಖ್ಯೆ ಬದಲಾಗಿರುತ್ತದೆ.

ವಿಳಾಸ: ಡಿವಿಎಲ್‌ಎ, ಸ್ವಾನ್ಸಿ, ಎಸ್‌ಎ99 1ಡಿಝಡ್. ತಲುಪಿದ ಗುರುತು ಸಿಗುವ ಅಂಚೆಯಲ್ಲೇ ಕಳಿಸಿ. ತಿದ್ದುಪಡಿಗೆ ಶುಲ್ಕವಿಲ್ಲ. ಲಾಗ್‌ಬುಕ್ ಕಳೆದುಹೋಗಿ ಬದಲಿ ತರಿಸಬೇಕಾದರೆ ವಿ62 ಫಾರಂ ಮತ್ತು 25 ಪೌಂಡ್, ಅದಕ್ಕೇ ಅಂಚೆಯಲ್ಲಿ ಜಿಪುಣತನ ಬೇಡ ಎನ್ನುವುದು. ಕಾರನ್ನೇ ನೋಡಬೇಕೆಂದು ಡಿವಿಎಲ್‌ಎ ತಪಾಸಣೆಗೆ ಕೇಳಲೂಬಹುದು. ತಗಡಿನ ಮೇಲಿನ ಅಂಕಿ ಬಾನೆಟ್ ಎತ್ತಿದ ಕೂಡಲೇ ಓದುವ ಹಾಗಿರಲಿ. ಎಂಜಿನ್‌ಗೆ ಹಸಿರು ಬಣ್ಣ ಹೊಡೆಯುವಾಗ ತಗಡಿಗೆ ಮಾಸ್ಕಿಂಗ್ ಟೇಪ್ ಹಾಕಿರಬೇಕಾದದ್ದು ಇದಕ್ಕೇ.

ಬಂದ ಮೇಲೆ

ಕಾಗದ ಬರುವ ಮುಂಚೆಯೇ ಸರ್ಕಾರಿ ಜಾಲತಾಣದ ವಾಹನ ವಿಚಾರಣೆ ಸೇವೆಯಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ಹೊಸ ಸಿಸಿ ಮತ್ತು ಕೊನೆಯ ವಿ5ಸಿ ಕೊಟ್ಟ ತಾರೀಖು ಕಾಣುತ್ತದೆ. ಎಂಜಿನ್ ನಂಬರ್ ಅಲ್ಲಿ ಕಾಣುವುದಿಲ್ಲ, ಅದಕ್ಕೆ ಕಾಗದವೇ ಬೇಕು. ಲಾಗ್‌ಬುಕ್ ಕೈಗೆ ಬಂದಾಗ ಪಿ.1 ಮತ್ತು ಪಿ.5ನ್ನು ಫೋಟೋ ಪಕ್ಕದಲ್ಲಿಟ್ಟು ಅಂಕಿ ಅಂಕಿಯಾಗಿ ಹೋಲಿಸಿ. ಆಮೇಲೆ ಮುಟ್ಟದ ಸಾಲುಗಳನ್ನೂ ನೋಡಿ: ಮೊದಲ ನೋಂದಣಿಯ ತಾರೀಖು, ಚಾಸಿಸ್ ನಂಬರ್, ಬಣ್ಣ, ತೆರಿಗೆ ವರ್ಗ. ಟೈಪ್ ಮಾಡುವಾಗ ಜಾರುವುದು ಸಾಮಾನ್ಯವಾಗಿ ಈ ಜಾಗಗಳಲ್ಲೇ. ತಪ್ಪು ಕಂಡರೆ ಅದೇ ವಿಭಾಗದಲ್ಲಿ ಸರಿಯಾದದ್ದನ್ನು ಬರೆದು, ನಿಮ್ಮ ಸ್ಕ್ಯಾನ್ ಪ್ರತಿ ಇಟ್ಟು ಹಿಂದಿರುಗಿಸಿ. ಹೊಸ ಪ್ರತಿಯನ್ನು ವಿಮೆಯವರಿಗೂ ಕಳಿಸಿ, ಪಾಲಿಸಿಯ ಸಿಸಿ ಅದಕ್ಕೆ ತಾಳೆಯಾಗಲಿ.

ಹಳೆಯ 1098 ಎಂಜಿನ್ ಮೂಲೆಯಲ್ಲಿ ಉಳಿದಿದೆ. ಅದರ ತಗಡನ್ನು ಅದರಲ್ಲೇ ಬಿಡಿ, ನೆನಪಿಗೆಂದು ಕಿತ್ತಿಡಬೇಡಿ. ಬೋರ್‌ಗಳಿಗೆ ಎಣ್ಣೆ ಹಾಕಿ, ಪ್ಲಗ್ ರಂಧ್ರ ಮುಚ್ಚಿ, ನಂಬರ್ ಮತ್ತು ಯಾವ ಕಾರಿನಿಂದ ಯಾವ ತಾರೀಖಿಗೆ ತೆಗೆದದ್ದು ಎಂದು ಬರೆದ ಚೀಟಿಯನ್ನು ತಂತಿಯಲ್ಲಿ ಕಟ್ಟಿ. ಮುಂದೆ ಮಾರುವುದಾದರೆ ಪೂರ್ತಿ ನಂಬರ್ ಮತ್ತು ಸಿಸಿ ಬರೆದು ಸಹಿ ಹಾಕಿದ ರಸೀದಿ ಕೊಡಿ. ಕೊಂಡವರೂ ತಮ್ಮ ಲಾಗ್‌ಬುಕ್ ತಿದ್ದಿಸಬೇಕಲ್ಲ.